ಚೀನಾದ ಅಧಿಕ ಮಾಸ: ನೀವೇ ಕೂತು ಹುಡುಕುವುದು ಹೇಗೆ?

2025ರ ಜುಲೈ 24ಕ್ಕೆ ಚೀನಾದ ಚಾಂದ್ರ ಕ್ಯಾಲೆಂಡರಿನಲ್ಲಿ ಆರನೇ ತಿಂಗಳು ಮುಗಿಯಿತು. ಮಾರನೇ ದಿನ ಏಳನೇ ತಿಂಗಳು ಬರಬೇಕಿತ್ತು. ಬರಲಿಲ್ಲ. ಇನ್ನೊಂದು ಆರನೇ ತಿಂಗಳು ಶುರುವಾಗಿ ಆಗಸ್ಟ್ 22ರ ತನಕ ನಡೆಯಿತು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ನಮ್ಮದು ಮಾಮೂಲಿ ಶ್ರಾವಣ. ನಾಗರ ಪಂಚಮಿ, ವರಮಹಾಲಕ್ಷ್ಮಿ ಎಲ್ಲ ಅದರಲ್ಲೇ ಆದವು. ನಮ್ಮ ಅಧಿಕ ಮಾಸದ ಸರದಿ ಬಂದದ್ದು 2026ರ ಮೇ 17ಕ್ಕೆ, ಅಧಿಕ ಜ್ಯೇಷ್ಠವಾಗಿ.

ಚಂದ್ರ ಒಬ್ಬನೇ, ಸೂರ್ಯನೂ ಒಬ್ಬನೇ. ಮತ್ತೇಕೆ ಈ ವ್ಯತ್ಯಾಸ? ಚೀನಾದವರ ಲೆಕ್ಕ ಒಮ್ಮೆ ಕೈಯಾರೆ ಹಾಕಿ ನೋಡಿದರೆ ಇದು ತಾನಾಗಿ ಬಿಡಿಸಿಕೊಳ್ಳುತ್ತದೆ. ಬೇಕಾದ್ದು ಒಂದು ಹಾಳೆ, ಪೆನ್ನು, ಒಂದು ಪಂಚಾಂಗ. ಕೂಡುವುದು, ಎಣಿಸುವುದು ಬಂದರೆ ಸಾಕು. ಆದರೆ ಹೆಜ್ಜೆಗಳ ಕ್ರಮ ಮಾತ್ರ ತಪ್ಪಬಾರದು. ಅವಸರದಲ್ಲಿ ಕೊನೆಯ ಹೆಜ್ಜೆಯನ್ನು ಮೊದಲು ಇಟ್ಟವರು ಎಡವಿದ್ದಾರೆ, ಅಚ್ಚಾದ ಕ್ಯಾಲೆಂಡರುಗಳು ಕೂಡ.

ಹೆಚ್ಚುವರಿ ತಿಂಗಳು ಯಾಕೆ ಬೇಕು ಅನ್ನುವುದನ್ನು ನಮಗೆ ಹೇಳಿಕೊಡಬೇಕಿಲ್ಲ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಹನ್ನೆರಡು ಸೇರಿದರೆ ಸುಮಾರು 354. ಋತುಗಳ ವರ್ಷಕ್ಕಿಂತ 11 ದಿನ ಕಡಿಮೆ. ಹಾಗೇ ಬಿಟ್ಟರೆ ಹಬ್ಬಗಳು ಬೇಸಿಗೆಯಿಂದ ಚಳಿಗಾಲಕ್ಕೆ ಜಾರುತ್ತವೆ. 19 ವರ್ಷಕ್ಕೆ 7 ತಿಂಗಳು ಸೇರಿಸಿದರೆ ಎರಡೂ ಸರಿಹೊಂದುತ್ತವೆ, ಎರಡು ಗಂಟೆಯಷ್ಟು ವ್ಯತ್ಯಾಸ ಉಳಿಯುತ್ತದೆ ಅಷ್ಟೆ. ಆದರೆ ಇದು ಎಷ್ಟು ತಿಂಗಳು ಅನ್ನುವುದಕ್ಕೆ ಮಾತ್ರ ಉತ್ತರ. ಯಾವ ವರ್ಷ, ಯಾವ ತಿಂಗಳ ಹಿಂದೆ ಅನ್ನುವುದಕ್ಕೆ ಬೇರೆ ದಾರಿ ಇದೆ.

ಹೆಜ್ಜೆ 1: ಅಮಾವಾಸ್ಯೆಗಳನ್ನು ಬೀಜಿಂಗ್ ಗಡಿಯಾರಕ್ಕೆ ತನ್ನಿ

ಚೀನಾದಲ್ಲಿ ತಿಂಗಳು ಶುರುವಾಗುವುದು ಅಮಾವಾಸ್ಯೆಯ ದಿನವೇ. ನಮ್ಮ ಹಾಗೆ ಮಾರನೇ ದಿನದ ಪಾಡ್ಯದಿಂದ ಅಲ್ಲ. ಸೂರ್ಯ, ಚಂದ್ರ ಒಂದೇ ರೇಖಾಂಶಕ್ಕೆ ಬರುವ ಗಳಿಗೆ ಯಾವ ದಿನದೊಳಗೆ ಬೀಳುತ್ತದೋ ಆ ದಿನವೇ ತಿಂಗಳ ಒಂದನೇ ತಾರೀಕು. ಆ ಗಳಿಗೆ ಬೆಳಗಿನ ಜಾವಕ್ಕಿರಲಿ, ರಾತ್ರಿ ಹನ್ನೊಂದಕ್ಕಿರಲಿ, ಇಡೀ ದಿನ ಒಂದನೆಯದೇ.

ಆ ಗಳಿಗೆ ನಮ್ಮ ಪಂಚಾಂಗದಲ್ಲೇ ಇದೆ. ಅಮಾವಾಸ್ಯೆ ತಿಥಿ ಮುಗಿಯುವ ಹೊತ್ತು ಅಂತ ಬರೆದಿರುತ್ತಾರಲ್ಲ, ಅದೇ. ದೃಗ್ಗಣಿತದ, ಅಂದರೆ ಆಕಾಶದಲ್ಲಿ ಕಾಣುವುದಕ್ಕೆ ತಾಳೆಯಾಗುವ ಲೆಕ್ಕದ ಪಂಚಾಂಗ ತೆಗೆದುಕೊಳ್ಳಿ, ಹಳೆಯ ಸಿದ್ಧಾಂತದ ಪಂಚಾಂಗಗಳಲ್ಲಿ ತಿಥಿಯ ಹೊತ್ತು ತುಸು ಆಚೀಚೆ ಇರುತ್ತದೆ. ಆ ಹೊತ್ತಿಗೆ ಎರಡೂವರೆ ಗಂಟೆ ಕೂಡಿಸಿ. ಭಾರತದಲ್ಲಿ ಸಂಜೆ 6 ಅಂದರೆ ಬೀಜಿಂಗಿನಲ್ಲಿ ರಾತ್ರಿ 8.30. ನಮ್ಮ ಅಮಾವಾಸ್ಯೆ ರಾತ್ರಿ 9.30ರ ನಂತರ ಮುಗಿದರೆ ಅಲ್ಲಿ ತಾರೀಕು ಬದಲಾಗಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರು. ‘ಜುಲೈ 24, ರಾತ್ರಿ 12.40ರ ತನಕ ಅಮಾವಾಸ್ಯೆ’ ಅಂದಿದ್ದರೆ ಇಂಗ್ಲಿಷ್ ತಾರೀಕಿನಲ್ಲಿ ಅದು ಆಗಲೇ 25. ಎರಡೂವರೆ ಗಂಟೆ ಸೇರಿಸಿದರೆ ಬೀಜಿಂಗಿನಲ್ಲಿ 25ರ ಬೆಳಗಿನ ಜಾವ 3 ಗಂಟೆ 10 ನಿಮಿಷ. 2025ರ ಹೆಚ್ಚುವರಿ ತಿಂಗಳು ಶುರುವಾದದ್ದು ಸರಿಯಾಗಿ ಅಲ್ಲಿಂದ.

ಹೆಜ್ಜೆ 2: ಸೂರ್ಯನ ಹನ್ನೆರಡು ದಿನಗಳು

ಚೀನಾದವರು ಸೂರ್ಯನ ದಾರಿಯನ್ನು 15 ಡಿಗ್ರಿಗೊಂದರಂತೆ 24 ಭಾಗ ಮಾಡಿದ್ದಾರೆ. ಅವುಗಳಲ್ಲಿ ಒಂದು ಬಿಟ್ಟು ಒಂದು, ಅಂದರೆ ಹನ್ನೆರಡು, ನಮ್ಮ ಲೆಕ್ಕಕ್ಕೆ ಬೇಕಾದವು. ಅವಕ್ಕೆ ಝೋಂಗ್‌ಚಿ ಅನ್ನುತ್ತಾರೆ. ಸೂರ್ಯ ಪ್ರತಿ 30 ಡಿಗ್ರಿ ಮುಟ್ಟಿದಾಗ ಒಂದು ಝೋಂಗ್‌ಚಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಸಾಯನ ಸಂಕ್ರಮಣ, ಅಂದರೆ ಋತುಗಳನ್ನು ನೋಡಿ ಅಳೆದ ಸಂಕ್ರಮಣ.

ಈ ದಿನಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಅಲುಗಾಡುವುದಿಲ್ಲ. ಜನವರಿ 20, ಫೆಬ್ರವರಿ 18 ಅಥವಾ 19, ಮಾರ್ಚ್ 20, ಏಪ್ರಿಲ್ 20, ಮೇ 21, ಜೂನ್ 21, ಜುಲೈ 22, ಆಗಸ್ಟ್ 23, ಸೆಪ್ಟೆಂಬರ್ 23, ಅಕ್ಟೋಬರ್ 23, ನವೆಂಬರ್ 22, ಡಿಸೆಂಬರ್ 21. ಒಂದು ದಿನ ಹಿಂದೆ ಮುಂದೆ ಆಗಬಹುದು. ಆ ಒಂದು ದಿನವೇ ಫಲಿತಾಂಶ ಬದಲಿಸುವ ಸಂದರ್ಭಗಳಿವೆ, ಹಾಗಾಗಿ ಬೇಕಾದ ವರ್ಷದ್ದನ್ನು ನೋಡಿಯೇ ಬರೆದುಕೊಳ್ಳಿ. ಹಾಂಗ್‌ಕಾಂಗ್ ವೀಕ್ಷಣಾಲಯ 1901ರಿಂದ 2100ರವರೆಗಿನ ಪಟ್ಟಿಯನ್ನು ಉಚಿತವಾಗಿ ಕೊಡುತ್ತದೆ. ಹಾಂಗ್‌ಕಾಂಗ್, ಬೀಜಿಂಗ್ ಎರಡರ ಗಡಿಯಾರವೂ ಒಂದೇ.

ಹೆಜ್ಜೆ 3: ಗೂಟ ನೆಡಿ

ಹಸುವನ್ನು ಉದ್ದ ಹಗ್ಗದಲ್ಲಿ ಕಟ್ಟಿದರೆ ಎಷ್ಟೇ ಸುತ್ತಾಡಿದರೂ ಗೂಟ ಬಿಟ್ಟು ಹೋಗುವುದಿಲ್ಲ, ಅಲ್ವಾ? ಚೀನಾದ ವರ್ಷಕ್ಕೆ ಆ ಗೂಟ ಡೋಂಗ್‌ಝಿ, ಅಂದರೆ ಡಿಸೆಂಬರ್ 21 ಅಥವಾ 22ರ ನಿಜವಾದ ಉತ್ತರಾಯಣದ ದಿನ. ಅದು ಯಾವ ತಿಂಗಳೊಳಗೆ ಬೀಳುತ್ತದೋ ಅದೇ 11ನೇ ತಿಂಗಳು. ಈ ನಿಯಮಕ್ಕೆ ಅಪವಾದವೇ ಇಲ್ಲ.

ತುಂಬಾ ಜನ ಹೊಸವರ್ಷದಿಂದ, ಅಂದರೆ ಒಂದನೇ ತಿಂಗಳಿನಿಂದ ಎಣಿಸಲು ಕೂರುತ್ತಾರೆ. ಹಾಗೆ ಮಾಡಬೇಡಿ. ಹೊಸವರ್ಷ ಯಾವಾಗ ಅನ್ನುವುದೇ ಈ ಲೆಕ್ಕದಿಂದ ಹೊರಬರುವ ಉತ್ತರ, ಅಲ್ಲಿಂದಲೇ ಶುರು ಮಾಡಿದರೆ ಹೇಗೆ? ಮೊದಲು ಒಂದು ಡಿಸೆಂಬರಿನ 11ನೇ ತಿಂಗಳು ಗುರುತಿಸಿ, ಆಮೇಲೆ ಮುಂದಿನ ಡಿಸೆಂಬರಿನದ್ದು.

ಹೆಜ್ಜೆ 4: ಗೂಟದಿಂದ ಗೂಟಕ್ಕೆ ಎಣಿಸಿ

ಮೊದಲ 11ನೇ ತಿಂಗಳನ್ನು ಸೇರಿಸಿ, ಎರಡನೆಯದನ್ನು ಬಿಟ್ಟು, ನಡುವೆ ಎಷ್ಟು ತಿಂಗಳಿವೆ ಎಣಿಸಿ. 12 ಬಂದರೆ ಹೆಚ್ಚುವರಿ ತಿಂಗಳಿಲ್ಲ. ಪುಸ್ತಕ ಮುಚ್ಚಿ ಎದ್ದುಬಿಡಿ. ನಡುವೆ ಯಾವುದಾದರೂ ತಿಂಗಳು ವಿಚಿತ್ರವಾಗಿ ಕಂಡರೂ ಅದರ ಕಡೆ ನೋಡಬೇಡಿ. 13 ಬಂದರೆ ಮಾತ್ರ ಮುಂದಕ್ಕೆ ಹೋಗಿ.

ಎಣಿಸಲು ಬೇಜಾರಾದರೆ ಎರಡು 11ನೇ ತಿಂಗಳುಗಳ ಮೊದಲ ದಿನಗಳ ನಡುವೆ ಎಷ್ಟು ದಿನ ಅಂತ ನೋಡಿ. 354ರ ಆಸುಪಾಸು ಇದ್ದರೆ 12 ತಿಂಗಳು, 384ರ ಆಸುಪಾಸು ಇದ್ದರೆ 13.

ಹೆಜ್ಜೆ 5: ಝೋಂಗ್‌ಚಿ ಇಲ್ಲದ ಮೊದಲ ತಿಂಗಳು

13 ತಿಂಗಳುಗಳಿಗೆ ಝೋಂಗ್‌ಚಿಗಳು ಹನ್ನೆರಡೇ. ಹಾಗಾಗಿ ಒಂದಕ್ಕಾದರೂ ಅದು ಸಿಗುವುದಿಲ್ಲ. ಗೂಟದಿಂದ ಮುಂದಕ್ಕೆ ಹೋಗುತ್ತಾ ಸಿಗುವ ಅಂಥ ಮೊದಲ ತಿಂಗಳೇ ಹೆಚ್ಚುವರಿ, ಚೀನಾದವರ ಬಾಯಲ್ಲಿ ‘ರುನ್’. ಅದಕ್ಕೆ ಸ್ವಂತ ಸಂಖ್ಯೆ ಇಲ್ಲ, ಹಿಂದಿನ ತಿಂಗಳ ಸಂಖ್ಯೆಯೇ ಅದಕ್ಕೂ. ಆರರ ನಂತರ ಬಂದರೆ ‘ರುನ್ ಆರು’.

ನಮ್ಮಲ್ಲಿ ಇದರ ಉಲ್ಟಾ. ಮೊದಲು ಅಧಿಕ ಶ್ರಾವಣ, ಆಮೇಲೆ ನಿಜ ಶ್ರಾವಣ. ಅವರಲ್ಲಿ ನಿಜದ್ದು ಮೊದಲು, ಹೆಚ್ಚಿನದು ಆಮೇಲೆ.

2025ನ್ನು ಬಿಡಿಸಿ ನೋಡೋಣ

2024ರ ಡೋಂಗ್‌ಝಿ ಡಿಸೆಂಬರ್ 21. ಅದನ್ನು ಹೊತ್ತ ತಿಂಗಳು ಡಿಸೆಂಬರ್ 1ಕ್ಕೆ ಶುರು. 2025ರ ಡೋಂಗ್‌ಝಿ ಕೂಡ ಡಿಸೆಂಬರ್ 21, ಅದನ್ನು ಹೊತ್ತ ತಿಂಗಳು ಡಿಸೆಂಬರ್ 20ಕ್ಕೆ ಶುರು. ನಡುವೆ 384 ದಿನ. ಅಂದರೆ 13 ತಿಂಗಳು. ಹೆಚ್ಚುವರಿ ಒಂದಿದೆ. ಈಗ ಹುಡುಕೋಣ. ಎಡಕ್ಕೆ ತಿಂಗಳ ಅವಧಿ, ಬಲಕ್ಕೆ ಅದರೊಳಗಿನ ಝೋಂಗ್‌ಚಿ:

ಡಿಸೆಂಬರ್ 1 – ಡಿಸೆಂಬರ್ 30: ಡಿಸೆಂಬರ್ 21 (11ನೇ ತಿಂಗಳು)
ಡಿಸೆಂಬರ್ 31 – ಜನವರಿ 28: ಜನವರಿ 20 (12)
ಜನವರಿ 29 – ಫೆಬ್ರವರಿ 27: ಫೆಬ್ರವರಿ 18 (1, ಹೊಸವರ್ಷ)
ಫೆಬ್ರವರಿ 28 – ಮಾರ್ಚ್ 28: ಮಾರ್ಚ್ 20 (2)
ಮಾರ್ಚ್ 29 – ಏಪ್ರಿಲ್ 27: ಏಪ್ರಿಲ್ 20 (3)
ಏಪ್ರಿಲ್ 28 – ಮೇ 26: ಮೇ 21 (4)
ಮೇ 27 – ಜೂನ್ 24: ಜೂನ್ 21 (5)
ಜೂನ್ 25 – ಜುಲೈ 24: ಜುಲೈ 22 (6)
ಜುಲೈ 25 – ಆಗಸ್ಟ್ 22: ಏನೂ ಇಲ್ಲ (ರುನ್ 6)
ಆಗಸ್ಟ್ 23 – ಸೆಪ್ಟೆಂಬರ್ 21: ಆಗಸ್ಟ್ 23 (7)

ಮುಂದಿನ ಮೂರನ್ನು ನೋಡಬೇಕಿಲ್ಲ, ಸಿಕ್ಕಿತಲ್ಲ. ಆದರೆ ಆಗಸ್ಟ್ 23ರ ಹತ್ತಿರ ಒಂದು ನಿಮಿಷ ನಿಲ್ಲಿ. ಆ ದಿನದ ಝೋಂಗ್‌ಚಿ ಬಂದದ್ದು ಬೀಜಿಂಗ್ ಸಮಯ ಬೆಳಗಿನ ಜಾವ ನಾಲ್ಕೂವರೆಗೆ. ಅಮಾವಾಸ್ಯೆಯ ಗಳಿಗೆ ಬಂದದ್ದು ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ. ನಮ್ಮವರ ಹಾಗೆ ಗಳಿಗೆ ಹಿಡಿದು ಲೆಕ್ಕ ಹಾಕಿದರೆ ಆ ಝೋಂಗ್‌ಚಿ ಹಿಂದಿನ ತಿಂಗಳಿಗೇ ಸೇರಬೇಕು. ಆಗ ರುನ್ 6 ಅನ್ನುವುದೇ ಇರುತ್ತಿರಲಿಲ್ಲ. ಚೀನಾದ ನಿಯಮದಲ್ಲಿ ಗಳಿಗೆಗೆ ಬೆಲೆ ಇಲ್ಲ, ದಿನಕ್ಕೆ ಮಾತ್ರ. ಎರಡೂ ಆಗಸ್ಟ್ 23ಕ್ಕೇ ಬಿದ್ದವು, 23 ಹೊಸ ತಿಂಗಳ ಒಂದನೇ ತಾರೀಕು, ಹಾಗಾಗಿ ಝೋಂಗ್‌ಚಿ ಹೊಸ ತಿಂಗಳ ಪಾಲು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಜಾಸ್ತಿ ಜಾರುವ ಜಾಗ ಇದು. ಗಳಿಗೆಗಳನ್ನು ಹೋಲಿಸುವ ಮೊದಲು ಎರಡನ್ನೂ ಬೀಜಿಂಗ್ ತಾರೀಕಿಗೆ ಇಳಿಸಿಕೊಳ್ಳಿ.

2033: ಕ್ರಮ ತಪ್ಪಿದರೆ ಏನಾಗುತ್ತದೆ

‘ಝೋಂಗ್‌ಚಿ ಇಲ್ಲದ ತಿಂಗಳೇ ಹೆಚ್ಚುವರಿ ತಿಂಗಳು’ ಅಂತ ಒಂದೇ ಸಾಲಿನಲ್ಲಿ ಮುಗಿಸುವವರು ಸಿಗುತ್ತಾರೆ. ಒಂದು ಕಾಲದಲ್ಲಿ ಆ ಸಾಲು ಸಾಕಿತ್ತು. ಕ್ರಿ.ಪೂ. 104ರಲ್ಲಿ ಹಾನ್ ದೊರೆಗಳ ಕಾಲದ ಸುಧಾರಣೆ ಈ ನಿಯಮವನ್ನು ತಂದಾಗ ವರ್ಷವನ್ನು ಹನ್ನೆರಡು ಸಮಭಾಗ ಮಾಡುತ್ತಿದ್ದರು. ಒಂದೊಂದು ಭಾಗ 30.44 ದಿನ. ಒಂದು ತಿಂಗಳಿಗೆ ಎರಡು ಝೋಂಗ್‌ಚಿ ಬೀಳುವ ಪ್ರಶ್ನೆಯೇ ಇರಲಿಲ್ಲ. (ಅದಕ್ಕೂ ಹಿಂದೆ ಇನ್ನೂ ಸುಲಭ. ಹೆಚ್ಚಿನ ತಿಂಗಳನ್ನು ವರ್ಷದ ಕೊನೆಗೆ ಅಂಟಿಸಿಬಿಡುತ್ತಿದ್ದರು. ಶಾಂಗ್ ಕಾಲದ ಮೂಳೆಗಳ ಮೇಲಿನ ಬರಹದಲ್ಲಿ ‘ಹದಿಮೂರನೇ ತಿಂಗಳು’ ಅಂತಲೇ ಇದೆ.)

1645ರಲ್ಲಿ ಚಿಂಗ್ ದೊರೆಗಳು ಹೊಸ ಕ್ಯಾಲೆಂಡರ್ ತಂದರು. ಅದರ ಹಿಂದೆ ಇದ್ದವನು ಜರ್ಮನಿಯಿಂದ ಬಂದ ಜೆಸ್ಯುಟ್ ಪಾದ್ರಿ ಆಡಮ್ ಶಾಲ್. ಅಲ್ಲಿಂದ ಸೂರ್ಯನ ನಿಜವಾದ ಚಲನೆ ಹಿಡಿದು ಲೆಕ್ಕ ಶುರುವಾಯಿತು. ಭೂಮಿ ಜನವರಿಯ ಮೊದಲ ವಾರದಲ್ಲಿ ಸೂರ್ಯನಿಗೆ ಹತ್ತಿರ ಇರುತ್ತದೆ, ಆಗ ಜೋರಾಗಿ ಓಡುತ್ತದೆ. ಹಾಗಾಗಿ ಚಳಿಗಾಲದಲ್ಲಿ ಎರಡು ಝೋಂಗ್‌ಚಿಗಳ ನಡುವಿನ ಅಂತರ ಇಪ್ಪತ್ತೊಂಬತ್ತೂವರೆ ದಿನಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ 31 ದಾಟುತ್ತದೆ. ಚಳಿಗಾಲದ ಒಂದೇ ತಿಂಗಳೊಳಗೆ ಎರಡು ಝೋಂಗ್‌ಚಿ ನುಗ್ಗಬಹುದು, ಪಕ್ಕದ ತಿಂಗಳು ಖಾಲಿ ಬೀಳಬಹುದು. ಖಾಲಿ ತಿಂಗಳೆಲ್ಲ ರುನ್ ಅಲ್ಲ ಅನ್ನುವ ಪರಿಸ್ಥಿತಿ ಹುಟ್ಟಿದ್ದು ಹೀಗೆ.

2033ರಲ್ಲಿ ಇದು ಅತಿರೇಕಕ್ಕೆ ಹೋಗುತ್ತದೆ. ಆಗಸ್ಟ್ 25ರಿಂದ ಸೆಪ್ಟೆಂಬರ್ 22ರ ತಿಂಗಳು ಖಾಲಿ. ಡಿಸೆಂಬರ್ 22ರಿಂದ 2034ರ ಜನವರಿ 19ರ ತಿಂಗಳೂ ಖಾಲಿ. ಫೆಬ್ರವರಿ 19ರಿಂದ ಮಾರ್ಚ್ 19ರದ್ದೂ ಖಾಲಿ. ಏಳು ತಿಂಗಳೊಳಗೆ ಮೂರು! ಈ ನಡುವೆ ನವೆಂಬರ್ 22ಕ್ಕೆ ಶುರುವಾಗುವ ತಿಂಗಳಲ್ಲಿ ಎರಡು ಝೋಂಗ್‌ಚಿ, ಜನವರಿ 20ಕ್ಕೆ ಶುರುವಾಗುವುದರಲ್ಲೂ ಎರಡು.

ಸುಮ್ನೆ ಮೊದಲ ಖಾಲಿ ತಿಂಗಳು ಹುಡುಕಿದರೆ ರುನ್ 7 ಅಂತ ಬರುತ್ತದೆ. 1990ರ ದಶಕದ ಶುರುವಿನ ತನಕ ಅಚ್ಚಾದ ಶತಮಾನದ ಕ್ಯಾಲೆಂಡರುಗಳಲ್ಲಿ ಹಾಗೇ ಇತ್ತು. ಈಗ ಗೂಟದಿಂದ ಬನ್ನಿ. 2032ರ 11ನೇ ತಿಂಗಳು ಶುರುವಾಗುವುದು ಡಿಸೆಂಬರ್ 3ಕ್ಕೆ. 2033ರದ್ದು ನವೆಂಬರ್ 22ಕ್ಕೆ. ನಡುವೆ 354 ದಿನ, 12 ತಿಂಗಳು. ಹಾಗಾದರೆ ಆಗಸ್ಟಿನ ಖಾಲಿ ತಿಂಗಳಿಗೆ ರುನ್ ಆಗುವ ಯೋಗವಿಲ್ಲ, ಅದು ಮಾಮೂಲಿ 8ನೇ ತಿಂಗಳು. ಅದರ ಮುಂದಿನ 11ನೇ ತಿಂಗಳು ಶುರುವಾಗುವುದು 2034ರ ಡಿಸೆಂಬರ್ 11ಕ್ಕೆ, 384 ದಿನ, 13 ತಿಂಗಳು. ಇದರಲ್ಲಿ ಮೊದಲ ಖಾಲಿ ತಿಂಗಳು ಡಿಸೆಂಬರ್ 22ರದ್ದು. ಹಾಗಾಗಿ ರುನ್ 11. ಫೆಬ್ರವರಿಯ ಖಾಲಿ ತಿಂಗಳು ಎರಡನೆಯದಾದ್ದರಿಂದ ಅದು ಮಾಮೂಲಿ ಒಂದನೇ ತಿಂಗಳು.

ಇದು ಪಂಡಿತರ ಜಗಳ ಮಾತ್ರ ಅಂದುಕೊಳ್ಳಬೇಡಿ. ಎಂಟನೇ ತಿಂಗಳ ಹದಿನೈದಕ್ಕೆ ಮಧ್ಯ ಶರತ್ಕಾಲದ ಹಬ್ಬ, ಮೂನ್‌ಕೇಕ್ ಹಂಚುವ ಹಬ್ಬ. ಸರಿಯಾದ ಲೆಕ್ಕದಲ್ಲಿ ಅದು 2033ರ ಸೆಪ್ಟೆಂಬರ್ 8. ತಪ್ಪು ಲೆಕ್ಕದಲ್ಲಿ ಅಕ್ಟೋಬರ್ 7. ಇಡೀ ಒಂದು ತಿಂಗಳು ಆಚೆ! 2017ರಲ್ಲಿ ಚೀನಾ ಸರ್ಕಾರ ಈ ಹೆಜ್ಜೆಗಳನ್ನು ರಾಷ್ಟ್ರೀಯ ಮಾನದಂಡವಾಗಿಯೇ ಪ್ರಕಟಿಸಿತು. ಅದನ್ನು ಸಿದ್ಧಪಡಿಸಿದ್ದು ನಾನ್‌ಜಿಂಗಿನ ಪರ್ಪಲ್ ಮೌಂಟನ್ ವೀಕ್ಷಣಾಲಯ.

ಬೇಸಿಗೆಯ ಅಂತರ ದೊಡ್ಡದು ಅಂದೆನಲ್ಲ, ಅದರಿಂದಲೇ ರುನ್ ತಿಂಗಳುಗಳು ಹೆಚ್ಚಾಗಿ ಮೂರರಿಂದ ಎಂಟನೇ ತಿಂಗಳ ನಡುವೆ ಸಿಗುತ್ತವೆ. ಚಳಿಗಾಲದ್ದು ಬಹಳ ಅಪರೂಪ. ಮುಂದಿನ ರುನ್ 1 ನೋಡಲು 2262ರ ತನಕ ಕಾಯಬೇಕು.

ನಮಗೂ ಅವರಿಗೂ ಯಾಕೆ ಒಟ್ಟಿಗೆ ಬರುವುದಿಲ್ಲ

ಈಗ ಮೊದಲಿನ ಪ್ರಶ್ನೆ. ಸಂಕ್ರಮಣ ಇಲ್ಲದ ತಿಂಗಳು ಅಧಿಕ ಅನ್ನುವುದು ನಮ್ಮ ನಿಯಮವೂ ಹೌದು. ಆದರೆ ನಮ್ಮ ಸಂಕ್ರಮಣ ನಕ್ಷತ್ರಗಳನ್ನು ನೋಡಿ ಅಳೆದದ್ದು, ಅವರದ್ದು ಋತುಗಳನ್ನು ನೋಡಿ. ಅವರ ಡೋಂಗ್‌ಝಿ ಡಿಸೆಂಬರ್ 21, ನಮ್ಮ ಮಕರ ಸಂಕ್ರಾಂತಿ ಜನವರಿ 14 ಅಥವಾ 15. ಸುಮಾರು 24 ದಿನಗಳ ಅಂತರ.

ಚಾಂದ್ರ ತಿಂಗಳು ಸೌರ ತಿಂಗಳಿಗಿಂತ ತುಸು ಚಿಕ್ಕದು. ಹಾಗಾಗಿ ಪ್ರತಿ ತಿಂಗಳೂ ಅಮಾವಾಸ್ಯೆ ಸುಮಾರು ಒಂದು ದಿನ ಮುಂಚೆ ಬರುತ್ತಾ ಹೋಗುತ್ತದೆ. ಅದು ಸಂಕ್ರಮಣದ ಗೆರೆಯನ್ನು ದಾಟುವಾಗ ಹೆಚ್ಚುವರಿ ತಿಂಗಳು ಹುಟ್ಟುತ್ತದೆ. ಅವರ ಗೆರೆ ಇಂಗ್ಲಿಷ್ ತಿಂಗಳ 20–23ರ ಹತ್ತಿರ. ನಮ್ಮದು 14–17ರ ಹತ್ತಿರ. 25, 24, 23 ಅಂತ ಹಿಂದಕ್ಕೆ ಸರಿಯುವ ಅಮಾವಾಸ್ಯೆ ಮೊದಲು ದಾಟುವುದು ಅವರ ಗೆರೆಯನ್ನು. ಇನ್ನೂ ಆರೇಳು ದಿನ ಸರಿಯಲು ಕೆಲವು ತಿಂಗಳು ಹಿಡಿಯುತ್ತದೆ, ಆಮೇಲೆ ನಮ್ಮ ಸರದಿ.

ತಾಳೆ ನೋಡಿ. 2020ರಲ್ಲಿ ಅವರ ರುನ್ 4 ಮೇ 23ಕ್ಕೆ, ನಮ್ಮ ಅಧಿಕ ಆಶ್ವಯುಜ ಸೆಪ್ಟೆಂಬರ್ 18ಕ್ಕೆ. 2023ರಲ್ಲಿ ಅವರ ರುನ್ 2 ಶುರುವಾದದ್ದು ಮಾರ್ಚ್ 22, ನಾವು ಯುಗಾದಿ ಮಾಡಿದ ದಿನ. ನಮ್ಮ ಅಧಿಕ ಶ್ರಾವಣ ಜುಲೈ 18ಕ್ಕೆ ಬಂತು. ಅವರದು ಮೊದಲು, ನಮ್ಮದು ಆಮೇಲೆ.

ಗಡಿಯಾರ ಬದಲಾದರೆ

ವಿಯೆಟ್ನಾಂ ಕೂಡ ಇದೇ ನಿಯಮ ಬಳಸುತ್ತದೆ, ಆದರೆ ಅದರ ಗಡಿಯಾರ ಬೀಜಿಂಗಿಗಿಂತ ಒಂದು ಗಂಟೆ ಹಿಂದೆ. 1984ರ ಡೋಂಗ್‌ಝಿ ಬೀಜಿಂಗಿನಲ್ಲಿ ಡಿಸೆಂಬರ್ 22ರ ರಾತ್ರಿ 12 ಗಂಟೆ 23 ನಿಮಿಷಕ್ಕೆ ಬಂತು. ಹನೋಯ್‌ನಲ್ಲಿ ಅದು 21ರ ರಾತ್ರಿ 11 ಗಂಟೆ 23 ನಿಮಿಷ. ಅಮಾವಾಸ್ಯೆ ಎರಡೂ ಕಡೆ 22ಕ್ಕೆ. ಚೀನಾದಲ್ಲಿ ಡೋಂಗ್‌ಝಿ ಹೊಸ ತಿಂಗಳ ಮೊದಲ ದಿನಕ್ಕೆ ಬಿತ್ತು, ವಿಯೆಟ್ನಾಂನಲ್ಲಿ ಹಳೆಯ ತಿಂಗಳ ಕೊನೆಯ ದಿನಕ್ಕೆ. ಗೂಟವೇ ಬೇರೆ ಜಾಗಕ್ಕೆ ಹೋಯಿತು. 1985ರಲ್ಲಿ ವಿಯೆಟ್ನಾಂ ಜನವರಿ 21ಕ್ಕೆ ಹೊಸವರ್ಷ ಮಾಡಿದರೆ ಚೀನಾ ಫೆಬ್ರವರಿ 20ಕ್ಕೆ ಮಾಡಿತು.

ಹಬ್ಬ, ಹುಟ್ಟುಹಬ್ಬ, ನಂಬಿಕೆ

ರುನ್ ತಿಂಗಳಲ್ಲಿ ಹಬ್ಬ ಎರಡನೇ ಸಲ ಬರುವುದಿಲ್ಲ. 1995ರಲ್ಲಿ ಎಂಟನೇ ತಿಂಗಳು ಎರಡಿದ್ದವು, ಮೂನ್‌ಕೇಕ್ ಹಬ್ಬ ಮೊದಲನೆಯದರಲ್ಲೇ ಮುಗಿಯಿತು. ರುನ್ ತಿಂಗಳಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಅದೇ ಸಂಖ್ಯೆಯ ಮಾಮೂಲಿ ತಿಂಗಳಲ್ಲಿ ಹುಟ್ಟುಹಬ್ಬ ಮಾಡುತ್ತಾರೆ. ಇಲ್ಲದಿದ್ದರೆ 2025ರ ರುನ್ 6ರಲ್ಲಿ ಹುಟ್ಟಿದ ಮಗು 2036ರ ತನಕ ಕಾಯಬೇಕಿತ್ತು.

ನಮ್ಮಲ್ಲಿ ಅಧಿಕ ಮಾಸದಲ್ಲಿ ಮಗಳು, ಅಳಿಯನನ್ನು ಕರೆದು 33 ಅಪೂಪ ಕೊಡುವ ಪದ್ಧತಿ ಇದೆ. ಅಲ್ಲಿ ಉಡುಗೊರೆ ಎದುರು ದಿಕ್ಕಿಗೆ ಹೋಗುತ್ತದೆ. ಮದುವೆಯಾದ ಮಗಳು ತವರಿಗೆ ಬರುತ್ತಾಳೆ. ತೈವಾನಿನಲ್ಲಿ ಹಂದಿಕಾಲು ಹಾಕಿದ ಶಾವಿಗೆ ತರುತ್ತಾಳೆ, ಚೀನಾದ ಕೆಲವು ಕಡೆ ಅಪ್ಪ ಅಮ್ಮನಿಗೆ ಹೊಸ ಚಪ್ಪಲಿ, ಬೂಟು. ತಂದೆ ತಾಯಿಯ ಆಯಸ್ಸು ಹೆಚ್ಚಲಿ ಅಂತ.

ರುನ್ 8 ಅಂದರೆ ಮಾತ್ರ ಹಿರಿಯರು ಮುಖ ಕಿವುಚುತ್ತಾರೆ. 1976ರದ್ದೇ ಉದಾಹರಣೆ ಕೊಡುತ್ತಾರೆ. ಆ ವರ್ಷ ಜುಲೈ 28ಕ್ಕೆ ತಾಂಗ್‌ಶಾನ್ ಭೂಕಂಪ, ಸೆಪ್ಟೆಂಬರ್ 9ಕ್ಕೆ ಮಾವೋ ಸಾವು. ಆದರೆ ಆ ರುನ್ 8 ಶುರುವಾದದ್ದೇ ಸೆಪ್ಟೆಂಬರ್ 24ಕ್ಕೆ. ಎರಡೂ ಆಗಿಹೋದ ಮೇಲೆ! ಇನ್ನು 19 ವರ್ಷಕ್ಕೊಮ್ಮೆ ಅದೇ ರುನ್ ಮರಳುತ್ತದೆ ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. 1957, 1976, 1995 ಮೂರರಲ್ಲೂ ರುನ್ 8 ಬಂತು. 2014ಕ್ಕೆ ಬಂದದ್ದು ರುನ್ 9. 2033ಕ್ಕೆ ರುನ್ 11. 2052ಕ್ಕೆ ಮತ್ತೆ ರುನ್ 8.

ಬೇಗ ಬೇಕಾದವರಿಗೆ

ಚೀನಾದಿಂದ ಸರಕು ತರಿಸುವವರಿಗೆ, ಸಿಂಗಪುರದಲ್ಲಿ ಕೆಲಸದಲ್ಲಿರುವವರಿಗೆ ಇಷ್ಟೆಲ್ಲ ಲೆಕ್ಕದ ಗೋಜು ಬೇಡ ಅನ್ನಿಸಬಹುದು. ಒಂದು ಸುಲಭದ ಗುರುತು ಇದೆ. ಹೊಸವರ್ಷ ಜನವರಿಯಲ್ಲೇ ಬಂದರೆ ಆ ವರ್ಷ ಸಾಮಾನ್ಯವಾಗಿ ಹೆಚ್ಚುವರಿ ತಿಂಗಳು ಇದ್ದೇ ಇರುತ್ತದೆ. 2020ರಲ್ಲಿ ಜನವರಿ 25, 2023ರಲ್ಲಿ 22, 2025ರಲ್ಲಿ 29. ಫೆಬ್ರವರಿ ಒಂದು, ಎರಡು ಬಂದರೆ ಎರಡರಲ್ಲೊಂದು. 2022ರಲ್ಲಿ ಫೆಬ್ರವರಿ 1ಕ್ಕೆ ಬಂತು, ರುನ್ ಇರಲಿಲ್ಲ. 1984ರಲ್ಲಿ ಫೆಬ್ರವರಿ 2ಕ್ಕೆ ಬಂತು, ರುನ್ 10 ಇತ್ತು.

ಮುಂದಿನವು: 2028ರಲ್ಲಿ ರುನ್ 5 (ಜೂನ್ 23ರಿಂದ ಜುಲೈ 21), 2031ರಲ್ಲಿ ರುನ್ 3 (ಏಪ್ರಿಲ್ 22ರಿಂದ ಮೇ 20), 2033ರಲ್ಲಿ ರುನ್ 11, 2036ರಲ್ಲಿ ರುನ್ 6.

ಡೋಂಗ್‌ಝಿ ಕಳೆದು ಬರುವ ಎರಡನೇ ಅಮಾವಾಸ್ಯೆಯೇ ಚೀನಾದ ಹೊಸವರ್ಷ ಅನ್ನುವ ಇನ್ನೊಂದು ಸೂತ್ರ ಕೇಳಿರಬಹುದು. ಬಹುಪಾಲು ಸರಿ. ಆದರೆ 2033ರ ಕೊನೆಗೆ ಅದು ಕೈಕೊಡುತ್ತದೆ. ಡಿಸೆಂಬರ್ 22ರ ಅಮಾವಾಸ್ಯೆ ಒಂದು, ಜನವರಿ 20ರದ್ದು ಎರಡು, ಆದರೆ ಹೊಸವರ್ಷ ಮೂರನೆಯದಕ್ಕೆ, 2034ರ ಫೆಬ್ರವರಿ 19ಕ್ಕೆ. ಆ ವರ್ಷದ ಕಾರ್ಖಾನೆ ರಜೆಯನ್ನು ಜನವರಿಗೆ ಅಂತ ಬರೆದಿಟ್ಟುಕೊಂಡಿದ್ದರೆ ಈಗಲೇ ಹೊಡೆದು ಹಾಕಿ.